ಆರೋಗ್ಯ ಪ್ರಶ್ನೋತ್ತರ: ಅನ್ನ ಬಿಡದೆ ತೂಕ ಇಳಿಸಬಹುದೇ?

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ತೂಕಕ್ಕೆ ಸಂಬಂಧಿಸಿದವು. ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳ ಓದುಗರು ಬರೆದ ಆರು ಪ್ರಶ್ನೆಗಳನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಕೈಬಿಡಲಾಗಿದೆ. ಒಬ್ಬರಿಗೆ ಹೇಳಿದ ಊಟದ ಮಾತು ಇನ್ನೊಬ್ಬರಿಗೂ ಉಪಯೋಗವಾಗಬಹುದು. ಆದರೆ ಔಷಧದ ವಿಷಯದಲ್ಲಿ ಹೇಳಿದ್ದನ್ನು ನಿಮ್ಮ ವೈದ್ಯರೊಡನೆ ಮಾತನಾಡದೆ ಅನುಸರಿಸಬಾರದು.

ಪ್ರಶ್ನೆ: ನನಗೆ 46 ವರ್ಷ. ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಎಂಟು ಜನರಿರುವ ಮನೆಯ ಅಡುಗೆ ನನ್ನದೇ. ಎತ್ತರ 152 ಸೆಂ.ಮೀ., ತೂಕ 71 ಕೆ.ಜಿ., ಸೊಂಟದ ಸುತ್ತಳತೆ 94 ಸೆಂ.ಮೀ. ನಮ್ಮದು ಸಸ್ಯಾಹಾರಿ ಮನೆ. ಬೆಂಗಳೂರಿನಲ್ಲಿರುವ ಮಗಳು ಅನ್ನ, ದೋಸೆ, ಅಕ್ಕಿರೊಟ್ಟಿ ಎಲ್ಲವನ್ನೂ ಬಿಟ್ಟುಬಿಡು ಎನ್ನುತ್ತಾಳೆ. ಒಂದು ತಿಂಗಳು ಹಾಗೆ ಮಾಡಿದಾಗ ಮೂರು ಕೆ.ಜಿ. ಇಳಿಯಿತು. ಮತ್ತೆ ಅನ್ನ ಉಣ್ಣತೊಡಗಿದ ಮೇಲೆ ಅಷ್ಟೂ ಮರಳಿ ಬಂತು. ನನಗೊಬ್ಬಳಿಗೆ ಬೇರೆ ಅಡುಗೆ ಮಾಡಿಕೊಳ್ಳಲು ಆಗುವುದಿಲ್ಲ. ಅನ್ನ ಬಿಡದೆ ತೂಕ ಇಳಿಸಬಹುದೇ?

ಉತ್ತರ: ಇಳಿಸಬಹುದು. ಮೊದಲು ಆ ಮೂರು ಕೆ.ಜಿ.ಯ ವಿಷಯ ನೋಡೋಣ. ನಾವು ತಿನ್ನುವ ಪಿಷ್ಟದ ಒಂದು ಭಾಗವನ್ನು ಯಕೃತ್ತು ಮತ್ತು ಸ್ನಾಯುಗಳು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತವೆ. ಅದರ ಪ್ರತಿ ಗ್ರಾಂನೊಂದಿಗೆ ಸುಮಾರು ಮೂರು ಗ್ರಾಂ ನೀರೂ ಸೇರಿರುತ್ತದೆ. ಅನ್ನ ನಿಲ್ಲಿಸಿದ ಮೊದಲ ವಾರದಲ್ಲೇ ಈ ಸಂಗ್ರಹ ಕರಗಿ ನೀರು ಹೊರಹೋಗುತ್ತದೆ, ತಕ್ಕಡಿಯ ಮುಳ್ಳು ಕೆಳಗಿಳಿಯುತ್ತದೆ. ಅನ್ನ ಮತ್ತೆ ಶುರುವಾದ ಕೂಡಲೇ ನೀರೂ ಮರಳುತ್ತದೆ. ಆದ್ದರಿಂದ ನೀವು ಸೋತಿರಿ ಎಂದು ತಿಳಿಯಬೇಡಿ. ನೀವು ಹಿಡಿದ ದಾರಿ ಆ ಮನೆಯಲ್ಲಿ, ಆ ಅಡುಗೆಯ ನಡುವೆ, ವರ್ಷಗಟ್ಟಲೆ ನಡೆಯುವಂಥದ್ದಾಗಿರಲಿಲ್ಲ, ಅಷ್ಟೆ.

ನೀವು ಕೊಟ್ಟ ಅಳತೆಗಳ ಪ್ರಕಾರ ನಿಮ್ಮ ದೇಹತೂಕ ಸೂಚ್ಯಂಕ, ಅಂದರೆ ಕೆ.ಜಿ.ಯಲ್ಲಿರುವ ತೂಕವನ್ನು ಮೀಟರ್‌ನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆ, 30.7. ಭಾರತೀಯರಲ್ಲಿ ಇದೇ ಸೂಚ್ಯಂಕದ ಯುರೋಪಿಯನ್ನರಿಗಿಂತ ಹೊಟ್ಟೆಯ ಸುತ್ತ ಕೊಬ್ಬು ಹೆಚ್ಚಾಗಿರುತ್ತದೆಯಾದ್ದರಿಂದ, ನಮ್ಮ ದೇಶದ ತಜ್ಞರು 23 ಮುಟ್ಟಿದರೆ ಅಧಿಕ ತೂಕವೆಂದೂ 25 ಮುಟ್ಟಿದರೆ ಬೊಜ್ಜೆಂದೂ ಪರಿಗಣಿಸುತ್ತಾರೆ. ಸೊಂಟದ ಸುತ್ತಳತೆ ಹೆಂಗಸರಲ್ಲಿ 80 ಸೆಂ.ಮೀ., ಗಂಡಸರಲ್ಲಿ 90 ಸೆಂ.ಮೀ. ದಾಟಬಾರದು. ಹೀಗಾಗಿ ತೂಕ ಇಳಿಸುವ ನಿಮ್ಮ ಯೋಚನೆ ಸರಿಯಾದದ್ದೇ. ಆದರೆ 53 ಕೆ.ಜಿ.ಗೆ ಇಳಿಯಬೇಕೆಂಬ ಗುರಿಯನ್ನು ಈಗಲೇ ಇಟ್ಟುಕೊಳ್ಳಬೇಡಿ. ಈಗಿರುವ ತೂಕದ ಶೇ 5ರಿಂದ 10ರಷ್ಟು, ಅಂದರೆ ಆರು ತಿಂಗಳಲ್ಲಿ ನಾಲ್ಕರಿಂದ ಏಳು ಕೆ.ಜಿ. ಇಳಿದರೂ ರಕ್ತದೊತ್ತಡ, ಸಕ್ಕರೆ, ಮೊಣಕಾಲು ಮೂರಕ್ಕೂ ಉಪಕಾರವಾಗುತ್ತದೆ. ವಾರಕ್ಕೆ ಅರ್ಧ ಕೆ.ಜಿ. ಇಳಿಯುವುದು ಸುರಕ್ಷಿತವೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ತನ್ನ ಆಹಾರ ಮಾರ್ಗಸೂಚಿಯಲ್ಲಿ ಹೇಳಿದೆ. ದಿನದ ಆಹಾರ 1000 ಕಿಲೊಕ್ಯಾಲೊರಿಗಿಂತ ಕೆಳಗೆ ಹೋಗಬಾರದೆಂದೂ ಎಚ್ಚರಿಸಿದೆ.

ಇನ್ನು ಅನ್ನದ ಮಾತು. ಅದೇ ಸಂಸ್ಥೆಯ ಕೋಷ್ಟಕದಂತೆ 100 ಗ್ರಾಂ ಅಕ್ಕಿಯಲ್ಲಿ ಸುಮಾರು 355, ರಾಗಿಯಲ್ಲಿ, ಗೋಧಿ ಹಿಟ್ಟಿನಲ್ಲಿ ಸುಮಾರು 320 ಕಿಲೊಕ್ಯಾಲೊರಿ ಇರುತ್ತದೆ. ರಾಗಿಯಲ್ಲಿ ನಾರು ಅಕ್ಕಿಗಿಂತ ಮೂರು ಪಟ್ಟಿಗಿಂತ ಹೆಚ್ಚಿದೆ ಎಂಬುದು ನಿಜ, ಅದು ಬೇಗ ಹೊಟ್ಟೆ ತುಂಬಿಸುತ್ತದೆ ಎಂಬುದೂ ನಿಜ. ಆದರೆ ನಾಲ್ಕು ಚಪಾತಿಯ ಜೊತೆ ಸ್ವಲ್ಪ ಆಲೂಗೆಡ್ಡೆ ಪಲ್ಯ ತಿಂದವರು ಅನ್ನ ಬಿಟ್ಟೆವೆಂದು ಸಮಾಧಾನಪಟ್ಟುಕೊಂಡರೆ ತೂಕವೇನೂ ಇಳಿಯುವುದಿಲ್ಲ. ನಮ್ಮ ಕಡೆಯ ಊಟದಲ್ಲಿ ತೊಂದರೆ ಇರುವುದು ಅಕ್ಕಿಯ ಜಾತಿಯಲ್ಲಲ್ಲ, ಅದು ಬೆಳಿಗ್ಗೆ ದೋಸೆಯಾಗಿ, ಮಧ್ಯಾಹ್ನ ಅನ್ನವಾಗಿ, ಸಂಜೆ ಅವಲಕ್ಕಿಯಾಗಿ, ರಾತ್ರಿ ಮತ್ತೆ ಅನ್ನವಾಗಿ ತಟ್ಟೆಯನ್ನೆಲ್ಲ ತಾನೇ ಆಕ್ರಮಿಸಿಕೊಳ್ಳುವುದರಲ್ಲಿ. ದಿನದ ಶಕ್ತಿಯಲ್ಲಿ ಧಾನ್ಯಗಳ ಪಾಲು ಶೇ 45 ದಾಟಬಾರದು, ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಬೇಳೆಕಾಳು 85 ಗ್ರಾಂನಷ್ಟು ಇರಬೇಕು ಎಂದು ಮೇಲೆ ಹೇಳಿದ ಮಾರ್ಗಸೂಚಿ ಸಲಹೆ ಮಾಡುತ್ತದೆ. ಈ ಅಳತೆ 2000 ಕಿಲೊಕ್ಯಾಲೊರಿ ಬೇಕಾದವರಿಗೆ ಹೇಳಿದ್ದು. ನೀವು ಧಾನ್ಯ ಮತ್ತು ಎಣ್ಣೆಯನ್ನು ಇಳಿಸಿ, ತರಕಾರಿ ಮತ್ತು ಕಾಳನ್ನು ಹಾಗೆಯೇ ಉಳಿಸಿಕೊಳ್ಳಬೇಕು.

ಮನೆಯವರಿಗೆಲ್ಲ ಮಾಡುವ ಅಡುಗೆಯಲ್ಲೇ ಇದು ಸಾಧ್ಯ. ಬೇರೆಯಾಗಬೇಕಾದದ್ದು ನಿಮ್ಮ ತಟ್ಟೆಗೆ ಬಡಿಸಿಕೊಳ್ಳುವ ಕ್ರಮ. ಊಟಕ್ಕೆ ಕುಳಿತಾಗ ಮೊದಲು ಪಲ್ಯ ಮತ್ತು ಗಟ್ಟಿ ಹುಳಿಯನ್ನು ಬಡಿಸಿಕೊಂಡು, ಅರ್ಧ ತಟ್ಟೆ ತುಂಬಿದ ಮೇಲೆ ಒಂದು ಸಾಧಾರಣ ಬಟ್ಟಲಿನಷ್ಟು ಅನ್ನ ಹಾಕಿಕೊಳ್ಳಿ. ಅದು ಸುಮಾರು 60 ಗ್ರಾಂ ಅಕ್ಕಿಯ ಅನ್ನವಾಗುತ್ತದೆ. ಸಾರಿಗೊಮ್ಮೆ, ಹುಳಿಗೊಮ್ಮೆ, ತಂಬುಳಿಗೊಮ್ಮೆ, ಮಜ್ಜಿಗೆಗೊಮ್ಮೆ ಎಂದು ನಾಲ್ಕು ಸಲ ಅನ್ನ ಹಾಕಿಕೊಳ್ಳುವ ರೂಢಿ ನಮ್ಮಲ್ಲಿದೆ. ಆ ಒಂದೇ ಬಟ್ಟಲು ಅನ್ನವನ್ನು ಎರಡು ಭಾಗ ಮಾಡಿಕೊಂಡು, ತಂಬುಳಿಯನ್ನೂ ಮಜ್ಜಿಗೆಯನ್ನೂ ಲೋಟದಲ್ಲಿ ಕುಡಿಯಿರಿ. ಒಂದೆಲಗ, ದೊಡ್ಡಪತ್ರೆ, ಬಸಳೆ, ಬಾಳೆದಿಂಡು, ಮಳೆಗಾಲದ ಕಳಲೆ ಮತ್ತು ಕೆಸು, ಹಿತ್ತಲಲ್ಲೇ ಸಿಗುವ ನುಗ್ಗೆ ಸೊಪ್ಪು, ಇವೆಲ್ಲ ಇರುವ ಊರಿನಲ್ಲಿ ತೂಕ ಇಳಿಸಲು ದೂರದೇಶದ ಸೊಪ್ಪನ್ನು ಕೊಂಡು ತರಬೇಕಾದ ಅಗತ್ಯ ನನಗಂತೂ ಕಾಣುವುದಿಲ್ಲ. ಹುರುಳಿಕಾಳಿನಲ್ಲಿ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಹುರುಳಿ ಕಟ್ಟಿನ ಸಾರು ಮಾಡಿದ ದಿನ ಬೆಂದ ಕಾಳನ್ನು ಬದಿಗೆ ಸರಿಸದೆ ಉಸಲಿ ಮಾಡಿ ನೀವು ಮೊದಲು ತಿನ್ನಿ. ಸಸ್ಯಾಹಾರಿ ಮನೆಯಲ್ಲಿ ಕಾಳು, ಮೊಸರು, ಹಾಲು ಕಡಿಮೆಯಾದರೆ ಇಳಿಯುವ ತೂಕದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ.

ಎಣ್ಣೆ, ತುಪ್ಪ, ಬೆಣ್ಣೆ, ಕೊಬ್ಬರಿ ಎಣ್ಣೆ ಯಾವುದೇ ಇರಲಿ, ಒಂದು ಗ್ರಾಂ ಕೊಬ್ಬಿಗೆ 9 ಕಿಲೊಕ್ಯಾಲೊರಿ. ರೊಟ್ಟಿಯ ಮೇಲೆ ಇಡುವ ನಿಂಬೆಗಾತ್ರದ ಬೆಣ್ಣೆ ಅರ್ಧ ಊಟಕ್ಕೆ ಸಮನಾಗಿಬಿಡಬಹುದು. ಇಡೀ ಮನೆಗೆ ತಿಂಗಳಿಗೆ ಎಷ್ಟು ಎಣ್ಣೆ ಖರ್ಚಾಗುತ್ತದೆ ಎಂಬುದನ್ನು ಗುರುತು ಹಾಕಿಕೊಂಡು, ಮುಂದಿನ ತಿಂಗಳು ಕಾಲು ಭಾಗ ಕಡಿಮೆ ತನ್ನಿ. ಉಳಿದ ಏಳು ಜನರಿಗೂ ಅದು ಒಳ್ಳೆಯದೇ.

ನಿಮ್ಮ ಪತ್ರದಲ್ಲಿ ಇಲ್ಲದ, ಆದರೆ ಅಡುಗೆಮನೆಯ ಹೆಂಗಸರನ್ನು ವಿಚಾರಿಸಿದಾಗಲೆಲ್ಲ ಹೊರಬರುವ ಎರಡು ಸಂಗತಿಗಳಿವೆ. ಎಲ್ಲರಿಗೂ ಬಡಿಸಿ ಮುಗಿದು ಮಧ್ಯಾಹ್ನ ಎರಡೂವರೆ, ಮೂರಕ್ಕೆ ಊಟಕ್ಕೆ ಕೂರುವಾಗ ಹಸಿವು ಮಿತಿಮೀರಿರುತ್ತದೆ, ಆಗ ಅಳತೆ ಉಳಿಯುವುದಿಲ್ಲ. ಅಲ್ಲದೆ ಪಾತ್ರೆಯಲ್ಲಿ ಉಳಿದ ಎರಡು ಸೌಟು ಅನ್ನ, ಮಕ್ಕಳು ಬಿಟ್ಟ ಅರ್ಧ ದೋಸೆ ಹಾಳಾಗಬಾರದೆಂದು ಅವೂ ನಿಮ್ಮ ಹೊಟ್ಟೆಗೇ ಸೇರುತ್ತವೆ. ಅನ್ನ ಹಾಳುಮಾಡಬಾರದೆಂಬ ಸಂಸ್ಕಾರ ದೊಡ್ಡದು. ಆದರೆ ಅದರ ಭಾರವನ್ನು ಮನೆಯ ಒಬ್ಬ ಹೆಣ್ಣುಮಗಳ ದೇಹವೇ ಹೊರಬೇಕಾಗಿಲ್ಲ. ಅಕ್ಕಿಯನ್ನು ಅಳೆಯುವಾಗಲೇ ಅರ್ಧ ಪಾವು ಕಡಿಮೆ ಹಾಕಿ, ಉಳಿದದ್ದು ಕೊಟ್ಟಿಗೆಗೆ ಹೋಗಲಿ, ಮತ್ತು ವಾರದಲ್ಲಿ ಕೆಲವು ದಿನವಾದರೂ ಮನೆಯವರ ಜೊತೆಯಲ್ಲೇ ಮಧ್ಯಾಹ್ನ ಒಂದು ಗಂಟೆಯ ಒಳಗೆ ಊಟಕ್ಕೆ ಕುಳಿತುಕೊಳ್ಳಿ. ಇದನ್ನು ಮನೆಯವರಿಗೂ ಓದಿ ಹೇಳಿ.

ಒಮ್ಮೆ ಥೈರಾಯ್ಡ್, ರಕ್ತದ ಸಕ್ಕರೆ ಮತ್ತು ರಕ್ತದೊತ್ತಡದ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಕೊರತೆಯಿಂದ ತೂಕ ಕೆಲವು ಕೆ.ಜಿ. ಏರುವುದುಂಟು, ಮಾತ್ರೆಯಿಂದ ಅದು ಸರಿಹೋಗುತ್ತದೆ.

ಪ್ರಶ್ನೆ: ಸಕ್ಕರೆಯ ಬದಲು ಬೆಲ್ಲ ಅಥವಾ ಜೇನುತುಪ್ಪ ಬಳಸಿದರೆ ತೂಕ ಇಳಿಯುತ್ತದೆಯೇ? ಬೆಳಿಗ್ಗೆ ಬಿಸಿನೀರಿಗೆ ನಿಂಬೆರಸ ಮತ್ತು ಜೇನು ಹಾಕಿ ಕುಡಿದರೆ ಕೊಬ್ಬು ಕರಗುತ್ತದೆ ಎನ್ನುತ್ತಾರೆ. (ಸೊರಬದ ಓದುಗರು)

ಉತ್ತರ: ಇಳಿಯುವುದಿಲ್ಲ, ಕರಗುವುದೂ ಇಲ್ಲ. ಬೆಲ್ಲದಲ್ಲೂ ಸಕ್ಕರೆಯಲ್ಲೂ ಇರುವ ಶಕ್ತಿ ಹೆಚ್ಚುಕಡಿಮೆ ಒಂದೇ. ಜೇನಿನಲ್ಲಿ ನೀರಿನಂಶ ಇರುವುದರಿಂದ ಸ್ವಲ್ಪ ಕಡಿಮೆ. ದೋಸೆಗೆ ಜೋನಿಬೆಲ್ಲ ಹಾಕಿಕೊಳ್ಳುವವರು ಚಮಚದಲ್ಲಿ ಅಳೆಯುವುದಿಲ್ಲ ಎಂಬುದನ್ನೂ ಗಮನಿಸಿ. ಬೆಳಗಿನ ಬಿಸಿನೀರು ನಿಮಗೆ ಹಿತವೆನಿಸಿದರೆ ಜೇನಿಲ್ಲದೆ ಕುಡಿಯಿರಿ. ದಿನಕ್ಕೆ ನಾಲ್ಕು ಲೋಟ ಕಾಫಿ ಅಥವಾ ಚಹಾ ಕುಡಿಯುವವರು ಪ್ರತಿ ಲೋಟಕ್ಕೆ ಎರಡು ಚಿಕ್ಕ ಚಮಚ ಸಕ್ಕರೆ ಹಾಕಿಕೊಂಡರೆ ಅದೇ 160 ಕಿಲೊಕ್ಯಾಲೊರಿಯಾಗುತ್ತದೆ. ಅದನ್ನು ಅರ್ಧಕ್ಕೆ ಇಳಿಸಿ, ಎರಡು ವಾರದಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ.

ಪ್ರಶ್ನೆ: ನನಗೆ 38 ವರ್ಷ, ಸಾಗರದಲ್ಲಿ ಕಚೇರಿ ಕೆಲಸ. ತೂಕ 80 ಕೆ.ಜಿ., ಸೊಂಟ 98 ಸೆಂ.ಮೀ. ಬರಿಹೊಟ್ಟೆಯ ರಕ್ತದ ಸಕ್ಕರೆ 108 ಬಂದಿದೆ. ನನ್ನ ಅಪ್ಪಯ್ಯ ನನಗಿಂತ ಎರಡು ಪಟ್ಟು ಉಣ್ಣುತ್ತಿದ್ದರು, ಆದರೂ ಕೊನೆಯವರೆಗೂ ತೆಳ್ಳಗೇ ಇದ್ದರು. ನನಗೇಕೆ ಹೀಗೆ? ಬೇಸಿಗೆಯಲ್ಲಿ ವಾಕಿಂಗ್ ಶುರುಮಾಡುತ್ತೇನೆ, ಜೂನ್ ಬಂದರೆ ಮಳೆಯಿಂದ ನಿಂತುಹೋಗುತ್ತದೆ. ಮೂರು ವರ್ಷಗಳಿಂದ ಇದೇ ಕಥೆ.

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಈ ಭಾಗದ ಒಂದಿಡೀ ತಲೆಮಾರಿನ ಕಥೆ ಇದೆ. ನಿಮ್ಮ ತಂದೆಯವರು ಸೊಪ್ಪಿನ ಬೆಟ್ಟದಿಂದ ಹೊರೆ ಹೊತ್ತು ತಂದವರು, ದರಗು ಗುಡಿಸಿದವರು, ತೋಟದ ಬಸಿಗಾಲುವೆ ಬಿಡಿಸಿದವರು, ಕೊನೆ ಕೊಯ್ಲಿನ ಕಾಲದಲ್ಲಿ ರಾತ್ರಿಯವರೆಗೆ ಅಡಿಕೆ ಹೊತ್ತವರು ಇದ್ದಿರಬೇಕು. ಪೇಟೆಗೂ ದೇವಸ್ಥಾನಕ್ಕೂ ನಡೆದೇ ಹೋಗುತ್ತಿದ್ದ ಕಾಲ ಅದು. ಆ ದೇಹಕ್ಕೆ ಮೂರು ಹೊತ್ತಿನ ಅನ್ನ, ತುಪ್ಪ, ಬೆಲ್ಲ ಬೇಕಿತ್ತು, ಅದು ಸವೆಯುತ್ತಲೂ ಇತ್ತು. ಇಂದು ಸುಲಿಯಲು ಯಂತ್ರ ಬಂದಿದೆ, ಕಳೆ ತೆಗೆಯಲು ಯಂತ್ರ ಬಂದಿದೆ, ತೋಟದ ಅಂಚಿನವರೆಗೆ ಬೈಕು ಹೋಗುತ್ತದೆ. ಕೆಲಸ ಹಗುರಾದದ್ದು ಸಂತೋಷದ ವಿಷಯವೇ. ಆದರೆ ದುಡಿಮೆ ಹೋದ ಮೇಲೂ ಅದಕ್ಕೆಂದು ಇದ್ದ ಊಟ ಉಳಿದುಕೊಂಡಿತು, ಅದರ ಮೇಲೆ ಬೇಕರಿಯ ತಿಂಡಿಯೂ ಸಂಜೆಯ ಮಿರ್ಚಿ ಮಂಡಕ್ಕಿಯೂ ಸೇರಿಕೊಂಡವು.

ಬರಿಹೊಟ್ಟೆಯ ಸಕ್ಕರೆ 100ರಿಂದ 125ರ ನಡುವೆ ಇದ್ದರೆ ಅದು ಮಧುಮೇಹದ ಮುನ್ನಿನ ಸ್ಥಿತಿ. ಇದನ್ನು ಕೇಳಿ ಗಾಬರಿಯಾಗಬೇಡಿ, ಆದರೆ ಮುಂದೂಡಲೂ ಬೇಡಿ. ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಇಂಥ ಸ್ಥಿತಿಯಲ್ಲಿದ್ದವರಿಗೆ ತೂಕದ ಶೇ 7ರಷ್ಟು ಇಳಿಸುವ ಮತ್ತು ವಾರಕ್ಕೆ 150 ನಿಮಿಷ ನಡಿಗೆಯಂಥ ವ್ಯಾಯಾಮ ಮಾಡುವ ಗುರಿ ಕೊಟ್ಟಾಗ ಮಧುಮೇಹ ಬರುವ ಪ್ರಮಾಣ ಶೇ 58ರಷ್ಟು ತಗ್ಗಿತು. ಚೆನ್ನೈನ ವೈದ್ಯರು ನಮ್ಮ ದೇಶದವರಲ್ಲೇ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಊಟ ಮತ್ತು ವ್ಯಾಯಾಮದ ಬದಲಾವಣೆಯಿಂದ ಅದು ಶೇ 28.5ರಷ್ಟು ತಗ್ಗಿತು. ಮೂವತ್ತೆಂಟರ ವಯಸ್ಸಿನಲ್ಲಿ ನಿಮ್ಮ ಕೈಯಲ್ಲಿ ಇನ್ನೂ ಇಷ್ಟೊಂದು ಇದೆ ಎಂಬುದನ್ನು ಮನಸ್ಸಿಗೆ ತಂದುಕೊಳ್ಳಿ.

ವ್ಯಾಯಾಮದಿಂದ ಏನನ್ನು ನಿರೀಕ್ಷಿಸಬೇಕು ಎಂಬುದು ಮೊದಲೇ ಗೊತ್ತಿದ್ದರೆ ನಿರಾಶೆಯಾಗುವುದಿಲ್ಲ. ನಿಮ್ಮ ತೂಕದವರು ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು ಸುಮಾರು 150 ಕಿಲೊಕ್ಯಾಲೊರಿ. ನಡಿಗೆ ಮುಗಿಸಿ ಬರುವಾಗ ಎರಡು ಬೋಂಡ ತಿಂದರೆ ಅಷ್ಟೂ ತುಂಬಿಹೋಗುತ್ತದೆ. ಆದ್ದರಿಂದ ತೂಕ ಇಳಿಯುವುದು ಮುಖ್ಯವಾಗಿ ಊಟದ ಅಳತೆಯಿಂದ. ಇಳಿದ ತೂಕ ಮರಳಿ ಏರದಂತೆ ಕಾಯುವುದರಲ್ಲಿ, ಸ್ನಾಯುವನ್ನು ಉಳಿಸಿಕೊಳ್ಳುವುದರಲ್ಲಿ, ಸಕ್ಕರೆಯನ್ನು ಹತೋಟಿಯಲ್ಲಿಡುವುದರಲ್ಲಿ ವ್ಯಾಯಾಮಕ್ಕೆ ಸಮನಾದದ್ದಿಲ್ಲ. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಶ್ರಮ, ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ನಡೆಯುವಾಗ ಜೊತೆಯವರೊಡನೆ ಮಾತನಾಡಲು ಬರಬೇಕು, ಹಾಡಲು ಬರಬಾರದು. ಮಧ್ಯಮ ವೇಗವೆಂದರೆ ಅಷ್ಟು.

ಮಳೆಗಾಲದ ಸಮಸ್ಯೆ ನಿಜವಾದದ್ದು. ಬಯಲುಸೀಮೆಯವರು ಬರೆದ ವ್ಯಾಯಾಮದ ಪಟ್ಟಿಗಳು ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪಯೋಗಕ್ಕೆ ಬರುವುದಿಲ್ಲ. ವರ್ಷದ ಮೂರನೇ ಒಂದು ಭಾಗ ಮಳೆ ಇರುವ ಊರಿನಲ್ಲಿ ಮಳೆಗಾಲದ ಕ್ರಮವೇ ಮುಖ್ಯವಾಗಬೇಕು, ಹೊರಗಿನ ನಡಿಗೆ ಅದಕ್ಕೆ ಸೇರಿಸಿಕೊಂಡದ್ದಾಗಬೇಕು. ಹಾಗಾಗಿ ಮೇ ತಿಂಗಳಿನಲ್ಲೇ ಮನೆಯೊಳಗಿನ ವ್ಯಾಯಾಮ ಆರಂಭಿಸಿ. ಜಗುಲಿಯ ಒಂದು ಮೆಟ್ಟಿಲು ಸಾಕು: ಎರಡು ನಿಮಿಷ ಹತ್ತಿ ಇಳಿಯುವುದು, ಒಂದು ನಿಮಿಷ ನಿಧಾನವಾಗಿ ಓಡಾಡುವುದು, ಹೀಗೆ ಇಪ್ಪತ್ತು ನಿಮಿಷ. ಜಾರದ, ಒಣಗಿದ ಮೆಟ್ಟಿಲನ್ನೇ ಆರಿಸಿಕೊಳ್ಳಿ. ವಾರದಲ್ಲಿ ಮೂರು ದಿನ ಬಸ್ಕಿ, ಗೋಡೆಗೆ ಕೈಯೂರಿ ಮಾಡುವ ದಂಡ, ನೀರು ತುಂಬಿದ ಎರಡು ಕೊಡಪಾನಗಳನ್ನು ಹಿಡಿದು ಪಡಸಾಲೆಯ ಉದ್ದಕ್ಕೂ ನಡೆಯುವುದು. ಬಸ್ಕಿ ಕಷ್ಟವಾದರೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ಮೊದಲ ವಾರ ಎಂಟು ಸಲ, ಆಮೇಲೆ ಹನ್ನೆರಡು, ಹದಿನೈದು. ಸೂರ್ಯನಮಸ್ಕಾರ ಬಲ್ಲವರಿಗೆ ಅದೂ ಒಳ್ಳೆಯದು. ಹೊಳವಾದ ದಿನ ಹೊರಗೆ ನಡೆಯಿರಿ, ರಜೆಯ ದಿನ ತೋಟಕ್ಕೆ ಹೋಗಿ ಒಂದೆರಡು ಗಂಟೆ ನಿಜವಾದ ಕೆಲಸ ಮಾಡಿ. ಕಚೇರಿಯಲ್ಲಿ ಗಂಟೆಗೊಮ್ಮೆ ಎದ್ದು ಎರಡು ನಿಮಿಷ ಓಡಾಡಿ.

ಈ ಕ್ರಮ ಬಿಟ್ಟುಹೋಗುವುದು ಸಾಮಾನ್ಯವಾಗಿ ದೊಡ್ಡ ಮಳೆಯಿಂದಲ್ಲ, ಮದುವೆ, ಜ್ವರ, ಪ್ರವಾಸಗಳ ನಂತರದ ಆ ಒಂದು ವಾರದ ಆಲಸ್ಯದಿಂದ. ಬಿಟ್ಟರೆ ಬಿಟ್ಟದ್ದು ಎಂದುಕೊಳ್ಳದೆ ಮರುದಿನ ಹತ್ತು ನಿಮಿಷವಾದರೂ ಮಾಡಿ. ಆರು ತಿಂಗಳ ನಂತರ ರಕ್ತಪರೀಕ್ಷೆ ಮತ್ತೆ ಮಾಡಿಸಿ.

ಪ್ರಶ್ನೆ: ನಮ್ಮ ಹೊಸನಗರದ ಕಡೆ ಉಪ್ಪಾಗೆ ಹಣ್ಣಿನ ಸಿಪ್ಪೆ ಒಣಗಿಸಿ ಮಾರುತ್ತಾರೆ. ಅದರಿಂದ ಮಾಡಿದ ತೂಕ ಇಳಿಸುವ ಮಾತ್ರೆಗಳು ವಿದೇಶದಲ್ಲಿ ಬಹಳ ಪ್ರಸಿದ್ಧವಂತೆ. ನಮ್ಮ ಕಾಡಿನದೇ ಹಣ್ಣಾದ್ದರಿಂದ ಅಪಾಯವಿರಲಾರದು ಎಂದುಕೊಂಡು ಮಾತ್ರೆ ತರಿಸಿದ್ದೇನೆ. ತೆಗೆದುಕೊಳ್ಳಲೇ?

ಉತ್ತರ: ಬೇಡ. ಉಪ್ಪಾಗೆಯ ಸಿಪ್ಪೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂಬ ಹುಳಿ ಅಂಶವಿದೆ. ಪಿಷ್ಟವು ಕೊಬ್ಬಾಗಿ ಮಾರ್ಪಡುವ ಕ್ರಿಯೆಯಲ್ಲಿ ಪಾಲ್ಗೊಳ್ಳುವ ಒಂದು ಕಿಣ್ವವನ್ನು ಅದು ತಡೆಯುತ್ತದೆ ಎಂಬುದು ಪ್ರಯೋಗಾಲಯದಲ್ಲಿ ಕಂಡುಬಂದ ಸಂಗತಿ. ಅಲ್ಲಿಂದಲೇ ಈ ಮಾತ್ರೆಗಳ ಹೆಸರು ಹಬ್ಬಿತು, ನಮ್ಮ ಕಾಡಿನ ಉಪ್ಪಾಗೆಗೆ ಬೆಲೆಯೂ ಬಂತು. ಆದರೆ ಮನುಷ್ಯರಲ್ಲಿ ಪರೀಕ್ಷಿಸಿದಾಗ ಆ ಭರವಸೆ ಉಳಿಯಲಿಲ್ಲ. ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 1998ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 135 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಇದರ ಸಾರವನ್ನೂ ಇನ್ನೊಂದಕ್ಕೆ ಅದರಂತೆಯೇ ಕಾಣುವ ಹುಸಿಮಾತ್ರೆಯನ್ನೂ ಹನ್ನೆರಡು ವಾರ ಕೊಟ್ಟರು. ಎರಡು ಗುಂಪುಗಳ ತೂಕದ ಇಳಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಇಂಥ ಮಾತ್ರೆಗಳನ್ನು ತೆಗೆದುಕೊಂಡವರಲ್ಲಿ ಕೆಲವರಿಗೆ ಯಕೃತ್ತಿಗೆ ತೀವ್ರ ಹಾನಿಯಾದದ್ದು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿದೆ. ಅಂಥವರ ಸಂಖ್ಯೆ ದೊಡ್ಡದಲ್ಲದಿರಬಹುದು, ಆದರೆ ಪ್ರಯೋಜನವೇ ಇಲ್ಲದ ಮಾತ್ರೆಗಾಗಿ ಸಣ್ಣ ಅಪಾಯವನ್ನಾದರೂ ಏಕೆ ತೆಗೆದುಕೊಳ್ಳಬೇಕು?

ಅಡುಗೆಯಲ್ಲಿ ಹುಳಿಗಾಗಿ ಎರಡು ಎಸಳು ಉಪ್ಪಾಗೆ ಹಾಕುವುದು ಬೇರೆ, ಅದರ ಸಾರವನ್ನು ಸಾಂದ್ರಗೊಳಿಸಿ ದಿನಕ್ಕೆ ಮೂರು ಸಲ ನುಂಗುವುದು ಬೇರೆ. ಮೀನಿನ ಸಾರಿಗೋ ಬೇರೆ ಅಡುಗೆಗೋ ನೀವು ಬಳಸುವ ಉಪ್ಪಾಗೆಯ ಬಗ್ಗೆ ಯಾವ ಹೆದರಿಕೆಯೂ ಬೇಡ. ಬೀಜದಿಂದ ತೆಗೆಯುವ ಉಪ್ಪಾಗೆ ತುಪ್ಪ ಮಾತ್ರ ಎಲ್ಲ ತುಪ್ಪಗಳಂತೆಯೇ ಕೊಬ್ಬು, ಅದರಿಂದ ತೂಕ ಇಳಿಯುವುದಿಲ್ಲ. ಈಗಾಗಲೇ ಮಾತ್ರೆ ಶುರುಮಾಡಿ ಹೊಟ್ಟೆ ತೊಳಸುವಿಕೆ, ಹಸಿವಿಲ್ಲದಿರುವುದು, ಮೂತ್ರ ಗಾಢವಾಗುವುದು, ಕಣ್ಣು ಹಳದಿಯಾಗುವುದು ಕಂಡರೆ ಅಂದೇ ನಿಲ್ಲಿಸಿ ವೈದ್ಯರನ್ನು ಕಾಣಿ.

ತೂಕ ಇಳಿಸಲು ಈಗ ವಾರಕ್ಕೊಮ್ಮೆ ತೆಗೆದುಕೊಳ್ಳುವ ಚುಚ್ಚುಮದ್ದುಗಳೂ ಬಂದಿವೆಯಲ್ಲ ಎಂದು ಇನ್ನಿಬ್ಬರು ಕೇಳಿದ್ದಾರೆ. ಅವು ಕೆಲಸ ಮಾಡುತ್ತವೆ, ಆದರೆ ಯಾರಿಗೆ ಬೇಕು, ಯಾರಿಗೆ ಕೂಡದು ಎಂಬುದನ್ನು ವೈದ್ಯರೇ ನಿರ್ಧರಿಸಬೇಕಾದ ಔಷಧಗಳು ಅವು. ನಿಲ್ಲಿಸಿದ ಮೇಲೆ ತೂಕ ಮರಳುವುದೇ ಹೆಚ್ಚು.

ಪ್ರಶ್ನೆ: ನಾನು ಭದ್ರಾವತಿಯ ನಿವೃತ್ತ ಶಿಕ್ಷಕ, ವಯಸ್ಸು 63. ಹನ್ನೊಂದು ವರ್ಷಗಳಿಂದ ಮಧುಮೇಹವಿದೆ. ಗ್ಲಿಮೆಪಿರೈಡ್ ಮತ್ತು ಮೆಟ್ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತೇನೆ. ತೂಕ ಇಳಿಸಲೆಂದು ಎರಡು ತಿಂಗಳಿಂದ ಒಪ್ಪತ್ತು ಮಾಡುತ್ತಿದ್ದೇನೆ, ರಾತ್ರಿ ಬರೀ ಅವಲಕ್ಕಿ ಮತ್ತು ಹಾಲು. ಸಂಜೆಯ ನಡಿಗೆಯಲ್ಲಿ ಒಮ್ಮೊಮ್ಮೆ ಕೈ ನಡುಗಿ ಬೆವರುತ್ತದೆ. ಮೊಣಕಾಲು ನೋವೂ ಇದೆ. ಮುಂದುವರಿಸಬಹುದೇ?

ಉತ್ತರ: ಈ ವಾರವೇ ನಿಮ್ಮ ವೈದ್ಯರನ್ನು ಕಾಣಿರಿ, ಅಲ್ಲಿಯವರೆಗೆ ಒಪ್ಪತ್ತನ್ನು ನಿಲ್ಲಿಸಿ ಮೂರು ಹೊತ್ತೂ ಸರಿಯಾಗಿ ಊಟ ಮಾಡಿ. ನೀವು ವರ್ಣಿಸಿದ ನಡುಕ ಮತ್ತು ಬೆವರು ಹೆಚ್ಚಾಗಿ ರಕ್ತದ ಸಕ್ಕರೆ ತೀರಾ ಇಳಿದದ್ದರ ಲಕ್ಷಣ. ಗ್ಲಿಮೆಪಿರೈಡ್ ಊಟ ಮಾಡಿದರೂ ಮಾಡದಿದ್ದರೂ ದೇಹದಿಂದ ಇನ್ಸುಲಿನ್ ಹೊರಡಿಸುತ್ತದೆ. ಊಟ ಕಡಿಮೆ ಮಾಡಿ ನಡಿಗೆ ಹೆಚ್ಚಿಸಿದಾಗ ಮಾತ್ರೆಯ ಪ್ರಮಾಣ ಮಾತ್ರ ಹಳೆಯದೇ ಉಳಿದರೆ ಸಕ್ಕರೆ 70ಕ್ಕಿಂತ ಕೆಳಗಿಳಿಯುವುದು ಸಹಜ. ನಡೆಯುತ್ತಿರುವಾಗ ರಸ್ತೆಯಲ್ಲಿ ಹೀಗಾದರೆ ಪ್ರಜ್ಞೆ ತಪ್ಪುವ ಸಂಭವವಿದೆ. ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ, ಪ್ರಮಾಣ ಬದಲಿಸುವುದು ವೈದ್ಯರ ಕೆಲಸ. ಹೊರಗೆ ಹೋಗುವಾಗ ಜೇಬಿನಲ್ಲಿ ಸಕ್ಕರೆಯ ಪೊಟ್ಟಣ ಇರಲಿ. ನಡುಕ ಬಂದ ಕೂಡಲೇ ಕುಳಿತು ಮೂರು ಚಿಕ್ಕ ಚಮಚ ಸಕ್ಕರೆ ತಿಂದು, ಹದಿನೈದು ನಿಮಿಷದ ನಂತರವೂ ಸರಿಯಾಗದಿದ್ದರೆ ಅಷ್ಟನ್ನೇ ಮತ್ತೊಮ್ಮೆ ತಿನ್ನಿ. ಸರಿಹೋದ ಮೇಲೆ ಏನಾದರೂ ಊಟ ಮಾಡಿ. ನಿಮ್ಮ ಕಾಯಿಲೆ ಮತ್ತು ಔಷಧದ ವಿವರ ಬರೆದ ಚೀಟಿಯೂ ಜೊತೆಗಿರಲಿ.

ಹಬ್ಬದ ದಿನ ವ್ರತಕ್ಕಾಗಿ ಒಪ್ಪತ್ತು ಮಾಡುವುದು ನಿಮ್ಮ ಶ್ರದ್ಧೆಗೆ ಸೇರಿದ ವಿಷಯ, ಅದಕ್ಕೂ ಮಾತ್ರೆಯ ಸಮಯವನ್ನು ವೈದ್ಯರಲ್ಲಿ ಕೇಳಿಕೊಂಡರೆ ಸಾಕು. ಆದರೆ ತೂಕ ಇಳಿಸಲು ದಿನವೂ ಮಾಡುವ ಒಪ್ಪತ್ತಿನಲ್ಲಿ ಮಧ್ಯಾಹ್ನದ ಊಟ ಇಮ್ಮಡಿಯಾಗುವುದನ್ನು, ರಾತ್ರಿ ಅನ್ನದ ಬದಲು ಬಂದ ಅವಲಕ್ಕಿಯೂ ಅಕ್ಕಿಯೇ ಆಗಿರುವುದನ್ನು ಕಾಣುತ್ತೇವೆ. ಅದರ ಬದಲು ಮೂರು ಹೊತ್ತಿನಲ್ಲೂ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿ, ರಾತ್ರಿ ಎರಡು ಚಿಕ್ಕ ಚಪಾತಿ ಅಥವಾ ಅರ್ಧ ಮುದ್ದೆ, ಹೆಸರುಕಾಳು ಅಥವಾ ತೊಗರಿಯ ಗಟ್ಟಿ ಸಾರು, ಒಂದು ಬಟ್ಟಲು ತರಕಾರಿ ಇಟ್ಟುಕೊಳ್ಳಿ. ಮೊಟ್ಟೆ, ಮೀನು ತಿನ್ನುವವರಾದರೆ ಎಣ್ಣೆಯಲ್ಲಿ ಕರಿಯದೆ ಅವನ್ನೂ ಸೇರಿಸಿ. ಅರವತ್ತರ ನಂತರ ಸ್ನಾಯು ತಾನಾಗಿಯೇ ಕ್ಷೀಣಿಸುವುದರಿಂದ ಪ್ರೋಟೀನ್ ನಿಮಗೆ ಎಲ್ಲರಿಗಿಂತ ಹೆಚ್ಚು ಮುಖ್ಯ.

ಮೊಣಕಾಲಿನ ವಿಷಯದಲ್ಲಿ ಒಂದು ಲೆಕ್ಕ ನೆನಪಿಡಿ. ಸಂಧಿವಾತ ಇರುವವರಲ್ಲಿ ತೂಕ ಒಂದು ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮೊಣಕಾಲಿನ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕೆ.ಜಿ. ಕಡಿಮೆಯಾಗುತ್ತದೆ. ನೋವಿರುವಾಗ ಮೆಟ್ಟಿಲು ಹತ್ತುವುದು, ಬಸ್ಕಿ ಎರಡೂ ಬೇಡ. ಕುರ್ಚಿಯಲ್ಲಿ ಕುಳಿತು ಒಂದೊಂದು ಕಾಲನ್ನು ನೇರವಾಗಿ ಚಾಚಿ ಹತ್ತು ಎಣಿಸುವವರೆಗೆ ಹಿಡಿದು ಇಳಿಸುವುದನ್ನು ದಿನಕ್ಕೆ ಎರಡು ಹೊತ್ತು ಮಾಡಿ. ತೊಡೆಯ ಸ್ನಾಯು ಬಲವಾದಷ್ಟೂ ಮೊಣಕಾಲಿಗೆ ಆಸರೆ. ನಡಿಗೆಯನ್ನು ಸಮತಟ್ಟಾದ ಜಾಗದಲ್ಲಿ ಹತ್ತು ನಿಮಿಷದಂತೆ ಮೂರು ಸಲಕ್ಕೆ ಹಂಚಿಕೊಳ್ಳಿ, ಊಟದ ನಂತರದ ಹತ್ತು ನಿಮಿಷ ಸಕ್ಕರೆಗೂ ಒಳ್ಳೆಯದು. ಬರಿಗಾಲಲ್ಲಿ ನಡೆಯಬೇಡಿ, ರಾತ್ರಿ ಮಲಗುವ ಮುನ್ನ ಪಾದಗಳನ್ನು ನೋಡಿಕೊಳ್ಳಿ.

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದು ಪದವಿ ಓದುತ್ತಿದ್ದೇನೆ. ವಯಸ್ಸು 19, ಎತ್ತರ 158 ಸೆಂ.ಮೀ., ತೂಕ 52 ಕೆ.ಜಿ. ಅಕ್ಕನ ಮದುವೆಗೆ ಎರಡು ತಿಂಗಳಿದೆ, ಅಷ್ಟರಲ್ಲಿ 44ಕ್ಕೆ ಇಳಿಯಬೇಕು. ಬೆಳಿಗ್ಗೆ ಮತ್ತು ರಾತ್ರಿ ಊಟ ಬಿಟ್ಟಿದ್ದೇನೆ. ಕೂದಲು ಉದುರುತ್ತಿದೆ, ಈ ತಿಂಗಳು ಮುಟ್ಟು ಆಗಿಲ್ಲ. ಏನು ತಿಂದರೂ ತಪ್ಪು ಮಾಡಿದಂತೆ ಅನ್ನಿಸುತ್ತದೆ. ಬೇಗ ಇಳಿಯಲು ಏನು ಮಾಡಲಿ?

ಉತ್ತರ: ನೀವು ತೂಕ ಇಳಿಸಬಾರದು. ನಿಮ್ಮ ಸೂಚ್ಯಂಕ 20.8, ಅದು ಪೂರ್ತಿ ಆರೋಗ್ಯಕರ ತೂಕ. 44 ಕೆ.ಜಿ.ಗೆ ಇಳಿದರೆ ಅದು 17.6 ಆಗುತ್ತದೆ, 18.5ಕ್ಕಿಂತ ಕಡಿಮೆಯಾದರೆ ಕಡಿಮೆ ತೂಕವೆಂದು ವೈದ್ಯರು ಚಿಂತಿಸುತ್ತಾರೆ. ಮೇಲೆ ಬರೆದ ಉತ್ತರಗಳಲ್ಲಿ ಅನ್ನ ಕಡಿಮೆ ಮಾಡಿ ಎಂದದ್ದು ಯಾವುದೂ ನಿಮಗಲ್ಲ. ಕೂದಲು ಉದುರುವುದು, ಮುಟ್ಟು ನಿಲ್ಲುವುದು ದೇಹಕ್ಕೆ ಊಟ ಸಾಲುತ್ತಿಲ್ಲ ಎಂಬುದರ ಗುರುತಾಗಿರಬಹುದು. ಊಟ ಸಾಲದಾದಾಗ ದೇಹವು ಹೃದಯ, ಮೆದುಳುಗಳನ್ನು ನಡೆಸಿಕೊಂಡು ಹೋಗಲು ಇಂಥ ಕೆಲಸಗಳನ್ನು ಮೊದಲು ನಿಲ್ಲಿಸುತ್ತದೆ. ಹತ್ತೊಂಬತ್ತರಲ್ಲಿ ಮೂಳೆಗಳು ಇನ್ನೂ ಗಟ್ಟಿಯಾಗುತ್ತಿರುತ್ತವೆ, ಈಗಿನ ಕೊರತೆ ಮುಂದೆ ತುಂಬಿಬರುವುದು ಕಷ್ಟ.

ನಾಳೆ ಬೆಳಿಗ್ಗೆಯಿಂದಲೇ ತಿಂಡಿ ತಿನ್ನಿ. ಹಾಸ್ಟೆಲಿನ ಇಡ್ಲಿ, ಉಪ್ಪಿಟ್ಟು, ಚಿತ್ರಾನ್ನ ಯಾವುದಾದರೂ ಸರಿ, ಜೊತೆಗೆ ಒಂದು ಲೋಟ ಹಾಲು ಅಥವಾ ಒಂದು ಮೊಟ್ಟೆ, ಒಂದು ಹಿಡಿ ಕಡಲೆಕಾಯಿ ಬೀಜ. ರಾತ್ರಿಯ ಊಟ ತಪ್ಪಿಸಬೇಡಿ. ಗೆಳತಿಯರ ಜೊತೆ ಸಂಜೆ ಆಟವಾಡಿ, ನಡೆಯಿರಿ. ಅದನ್ನು ತಿಂದದ್ದಕ್ಕೆ ತೆರುವ ದಂಡವೆಂದು ಎಣಿಸಬೇಡಿ. ತೂಕದ ಯಂತ್ರದ ಮೇಲೆ ನಿಲ್ಲುವುದನ್ನು ಸದ್ಯಕ್ಕೆ ಬಿಡಿ.

ತಿಂದಾಗ ತಪ್ಪು ಮಾಡಿದಂತೆ ಅನ್ನಿಸುತ್ತದೆ ಎಂದು ಬರೆದಿದ್ದೀರಲ್ಲ, ಆ ಮಾತು ನನಗೆ ನಿಮ್ಮ ತೂಕಕ್ಕಿಂತ ಹೆಚ್ಚು ಚಿಂತೆ ತಂದಿದೆ. ಅದು ನಿಮ್ಮ ದೌರ್ಬಲ್ಯವಲ್ಲ, ಚಿಕಿತ್ಸೆಯಿಂದ ಗುಣವಾಗುವ ತೊಂದರೆಯ ಆರಂಭವಿರಬಹುದು. ಅಕ್ಕನಿಗೋ ಅಮ್ಮನಿಗೋ ಈ ಪತ್ರದಲ್ಲಿ ಬರೆದಷ್ಟನ್ನೇ ಹೇಳಿ. ಹೇಳಲು ಸಂಕೋಚವಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಜೊತೆಗೆ ಈ ವಾರವೇ ಹತ್ತಿರದ ಆಸ್ಪತ್ರೆಯಲ್ಲಿ ಒಬ್ಬ ವೈದ್ಯರನ್ನು ಕಂಡು ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಮುಟ್ಟು ತಪ್ಪಿರುವುದನ್ನೂ ಊಟ ಬಿಟ್ಟಿರುವುದನ್ನೂ ಅವರಲ್ಲಿ ಮುಚ್ಚಿಡದೆ ಹೇಳಿ. ತಲೆಸುತ್ತು ಬಂದು ಬೀಳುವಂತಾದರೆ ಆ ಭೇಟಿಗಾಗಿ ಕಾಯದೆ ಅಂದೇ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ, ಒಬ್ಬರೇ ಹೋಗದೆ ವಾರ್ಡನ್ ಅವರನ್ನೋ ಗೆಳತಿಯನ್ನೋ ಜೊತೆಗೆ ಕರೆದುಕೊಳ್ಳಿ.